ಜೋಳದ ಕಾಳಿಗೊಂದು ಪಾನಾ

ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ಊರಿನ ಅಂಗಡಿಕಾರರು ಒಂದು ಕಾಲಕ್ಕೆ ನಮ್ಮ ಮಾವನನ್ನು ದೂರದಿಂದ ಕಂಡರೆ ಸಾಕು, ಊಟದ ಹೊತ್ತಾಯಿತೆಂದು ಶಟರ್ ಎಳೆಯುತ್ತಿದ್ದರು. ಬೆಳಗಿನ ಹತ್ತು ಗಂಟೆಗೆ ಯಾವ ಊಟ? ಇವರೇನು ಚಂದಾ ಕೇಳಲು ಬರುತ್ತಿದ್ದರೇ? ಇಲ್ಲ. ಜಗಳಗಂಟರೇ? ಛೇ ಛೇ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾವೇ 'ತಪ್ಪಾತ್ರಿ' ಎನ್ನುವಂಥ ಸಾಧು ಪ್ರಾಣಿ! ಅವರು ಕೇಳುತ್ತಿದ್ದದ್ದು ಒಂದೇ ಒಂದು ವಸ್ತು. ಪಾನಾ. ನಟ್ಟು ಬಿಗಿ ಮಾಡುತ್ತಾರಲ್ಲ, ಆ ಪಾನಾ. ಅದರಲ್ಲೇನು ತಪ್ಪು ಎನ್ನುತ್ತೀರಾ? ತಪ್ಪೇನಿಲ್ಲ. ಆದರೆ ಆ ಪಾನಾ ಜೋಳದ ಕಾಳಿನಷ್ಟು ದೊಡ್ಡ ನಟ್ಟಿಗೆ ಹೊಂದಬೇಕಿತ್ತು. ಅಂಗಡಿಯಲ್ಲಿದ್ದ ಡಬ್ಬಿ, ಡ್ರಾಯರು, ಗೋಣಿಚೀಲ ಎಲ್ಲ ಸುರುವಿ ನೋಡುವ ತನಕ ಆ ಮನುಷ್ಯ ಮೆಟ್ಟಿಲು ಇಳಿಯುತ್ತಿರಲಿಲ್ಲ.

ಮಾವ ಎಂದರೆ ನಮ್ಮ ಅಕ್ಕನ ಗಂಡ. ನಮ್ಮ ಕಡೆ ಹಾಗೆಯೇ ಕರೆಯುವುದು. ಅಕ್ಕನ ಮನೆ ಸಿಂಧನೂರಿನಲ್ಲಿ. ನಾನು ಮಸ್ಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಿಕ್ಷಕಿಯರನ್ನು ಊರವರೆಲ್ಲ 'ಅಕ್ಕೋರು' ಎನ್ನುತ್ತಾರಲ್ಲ, ಮಾವನೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ತಮಗಿಂತ ಇಪ್ಪತ್ತು ವರ್ಷ ಚಿಕ್ಕವಳನ್ನು "ಏನ್ರೀ ಅಕ್ಕೋರ, ಆರಾಮ ಅದೀರಿ?" ಎಂದು ಕೇಳುವಾಗ ಅವರ ಮೀಸೆಯ ಅಂಚಿನಲ್ಲಿ ನಗೆ ಇರುತ್ತಿತ್ತು.

ದಢೇಸುಗೂರಿನ ಕಡೆ ಒಂದು ಅಕ್ಕಿ ಮಿಲ್ಲಿತ್ತು. ಅಲ್ಲಿ ಮಾವ ಫಿಟ್ಟರ್. ಭತ್ತದ ಹೊಟ್ಟು ಉರಿಸಿ, ಉಗಿ ಎಬ್ಬಿಸಿ, ಆಳೆತ್ತರದ ಗಾಲಿ ತಿರುಗಿಸುವ ಹಳೆಯ ಉಗಿ ಎಂಜಿನು ಅವರ ವಶದಲ್ಲಿತ್ತು. ತೋಳುದ್ದದ ಪಾನಾ ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಗಂಡಸು ಅವರು! ಎಂಬತ್ತರ ದಶಕದ ನಡುವೆ ಮಿಲ್ಲಿಗೆ ಕರೆಂಟಿನ ಮೋಟಾರು ಬಂತು. ಎಂಜಿನನ್ನು ಬಿಚ್ಚಿ ಗುಜರಿಗೆ ಹಾಕಿದರು. ಲಾರಿ ಹೋದ ದಿನ ಮಾವ ಊಟ ಮಾಡಲಿಲ್ಲ. ಮರುದಿನ ತಾಟಿನ ಮುಂದೆ ಕೂತವರೇ ಹೇಳಿದರು:

"ಅದನ್ನ ನಾ ಮತ್ತ ಮಾಡ್ತೀನಿ. ಸಣ್ಣದು ಮಾಡ್ತೀನಿ. ಆದ್ರ ಖರೇ ಉಗೀಲೇ ತಿರಗಬೇಕು."

"ಮೊದಲ ರೊಟ್ಟಿ ತಿನ್ರಿ," ಎಂದಳು ಅಕ್ಕ.

ಮಾಡತೊಡಗಿದರು. ಅಕ್ಕನ ಪಂಪ್ ಸ್ಟೋವಿನ ಹಿತ್ತಾಳೆ ಟಾಕಿ ಬಾಯ್ಲರ್ ಆಯಿತು. ಸೈಕಲ್ ಪಂಪಿನ ಕೊಳವೆ ಸಿಲಿಂಡರ್ ಆಯಿತು. ಅಕ್ಕನ ಹೊಲಿಗೆ ಯಂತ್ರದ ಕೈಗಾಲಿ ಎಂಜಿನಿನ ಗಾಲಿಯಾಯಿತು. ನಾನು ರಜೆಗೆ ಹೋದಾಗ ಅಕ್ಕ ಹರಿದ ಲಂಗವನ್ನು ಕೈಯಲ್ಲೇ ಹೊಲಿಯುತ್ತ, "ಮನ್ಯಾಗ ಇನ್ನ ಉಳದಾಕಿ ನಾ ಒಬ್ಬಾಕೀನ ನೋಡಬೇ. ನನ್ನ ಯಾವ ಪಾರ್ಟ್ ಮಾಡ್ತಾರೋ ಗೊತ್ತಿಲ್ಲ," ಎಂದಳು. ಬೈಗುಳವೋ ಹೆಮ್ಮೆಯೋ ಎಂದು ಹೇಳುವುದು ಕಷ್ಟ.

ಓಣಿಯ ಹಿರಿಯರೊಬ್ಬರು ಒಂದು ದಿನ ಬಂದು, ಎರಡು ಇಟ್ಟಿಗೆ ಕೂಡಿಸಿಟ್ಟಷ್ಟಿದ್ದ ಆ ಎಂಜಿನನ್ನು ಸುತ್ತ ತಿರುಗಿ ನೋಡಿದರು.

"ಇದು ಏನ್ ಮಾಡ್ತೈತ್ರಿ?"

"ತಿರಗ್ತೈತ್ರಿ."

"ತಿರಗಿ?"

"ಮತ್ತ ತಿರಗ್ತೈತಿ."

"ಅಕ್ಕಿ ಗಿಕ್ಕಿ ಏನರೆ?"

"ಇಲ್ರಿ. ಬರೇ ತಿರಗ್ತೈತಿ."

ಹಿರಿಯರು ಬಹಳ ಹೊತ್ತು ಯೋಚಿಸಿ, "ಹೋಗ್ಲಿ ಬಿಡ್ರಿ, ನಮ್ಮೂರಿಗಿ ರೈಲಂತೂ ಬರವಲ್ದು. ಇದರೆ ಇರಲಿ," ಎಂದು ಎದ್ದುಹೋದರು.

ತೊಡಕು ಇದ್ದದ್ದು ನಟ್ಟುಗಳಲ್ಲಿ. ಸಿಲಿಂಡರಿನ ಎರಡು ತುದಿಯ ಮುಚ್ಚಳಗಳಿಗೆ ಆರಾರು, ಒಟ್ಟು ಹನ್ನೆರಡು ನಟ್ಟು. ಅವು ಬಿಗಿಯಾಗದಿದ್ದರೆ ಸಂದಿಯಿಂದ ಉಗಿ ಸೋರಿಹೋಗುತ್ತದೆ, ಗಾಲಿ ಅಲುಗುವುದಿಲ್ಲ. ರಾಯಚೂರಿನಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬ ಒಂದು ಡಬ್ಬಿ ಪುಟಾಣಿ ನಟ್ಟು ಕೊಟ್ಟ. ಅವಕ್ಕೆ ತಕ್ಕ ಪಾನಾ ಕೊಡಲಿಲ್ಲ, ಅವನ ಹತ್ತಿರವೇ ಇರಲಿಲ್ಲ! ಇಕ್ಕಳದಿಂದ ಹಿಡಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತಿತ್ತು. ಸಿಂಧನೂರಿನ ಸೈಕಲ್ ಅಂಗಡಿಯವ ತನ್ನಲ್ಲಿದ್ದ ಅತಿ ಸಣ್ಣ ಪಾನಾ ತೋರಿಸಿದ. ಅದರ ಬಾಯಲ್ಲಿ ಮಾವನ ನಟ್ಟು ಮೂರು ಹಿಡಿಸುತ್ತಿದ್ದವು.

"ಇದಕ್ಕಿಂತ ಸಣ್ಣದು ಬೇಕಂದ್ರ ಇರುವಿ ಗ್ಯಾರೇಜಿಗೆ ಹೋಗ್ರಿ!" ಎಂದ ಅವನು, ಸಿಟ್ಟಿನಿಂದ.

"ಎಲ್ಲಿ ಬರ್ತೈತ್ರಿ ಅದು?" ಎಂದರು ಮಾವ, ಜೇಬಿನಿಂದ ಕಾಗದ ತೆಗೆಯುತ್ತ.

ಇಲ್ಲೊಂದು ವಿಷಯ ಹೇಳಿಬಿಡಬೇಕು. ಎಂಜಿನು ಮುಕ್ಕಾಲು ಮುಗಿಯುವ ಹೊತ್ತಿಗೆ ಮಾವನ ಕೈ ನಡುಗತೊಡಗಿತ್ತು. ಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ಇಡೀ ಕೈ, ಆಮೇಲೆ ಎಡಗೈ. ಬಸಿಯ ಮೇಲೆ ಚಹಾದ ಕಪ್ಪು ಕಟಕಟ ಎನ್ನುತ್ತಿತ್ತು. ಇದು ನಿಲ್ಲುವಂಥದ್ದಲ್ಲ, ಬರಬರುತ್ತ ಹೆಚ್ಚುವಂಥದ್ದು ಎಂದು ಡಾಕ್ಟರು ಅಕ್ಕನನ್ನು ಹೊರಗೆ ಕರೆದು ಹೇಳಿದ್ದರು. ಮನೆಯಲ್ಲಿ ಮಾತ್ರ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನಟ್ಟಿನ ಮೇಲಿಂದ ಇಕ್ಕಳ ಜಾರಿತೇ? ತಪ್ಪು ಇಕ್ಕಳದ್ದು! ಬರೋಬರಿ ಹೊಂದುವ ಪಾನಾ ಸಿಕ್ಕರೆ ಯಾಕೆ ಜಾರುತ್ತದೆ? ಕೈ ಪೂರ್ತಿ ಸೋಲುವುದರೊಳಗೆ ಎಂಜಿನು ಒಮ್ಮೆ ತಿರುಗಿದರೆ ಸಾಕು, ತನ್ನ ಕೈಯಲ್ಲಿ ಆಗಲಿಲ್ಲ ಎಂಬ ಕೊರಗು ಅವರಿಗೆ ಉಳಿಯಬಾರದು ಎಂದು ಅಕ್ಕ ಕಂಡ ಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ನನಗೆ ಗಂಡು ಬಂತು. ಲಿಂಗಸುಗೂರಿನ ಮನೆತನ. ನನ್ನನ್ನು ನೋಡುವ ಶಾಸ್ತ್ರ ಅಕ್ಕನ ಮನೆಯಲ್ಲೇ ಗೊತ್ತಾಯಿತು. ಅಂದು ಬೆಳಿಗ್ಗೆ ನೋಡಿದರೆ ಕುಕ್ಕರಿನ ಸೀಟಿ ಮಾಯ! ಎಲ್ಲಿತ್ತು ಅಂತೀರಿ? ಬಾಯ್ಲರಿನ ನೆತ್ತಿಯ ಮೇಲೆ.

"ಉಗಿ ಹೆಚ್ಚಾದ್ರ ಟಾಕಿ ಒಡೀತೈತಲ್ಲ, ಅದಕ್ಕ ಇಟ್ಟೀನಿ," ಎಂದರು ಮಾವ.

"ಬೀಗರಿಗಿ ಅನ್ನ ಹೆಂಗ ಮಾಡ್ಲಿ?"

"ಬೋಗುಣ್ಯಾಗ ಮಾಡು. ನಮ್ಮವ್ವ ಮಾಡಿಲ್ಲೇನು?"

ಗಂಡಿನವರು ಬಂದರು. ನಾನು ಉಪ್ಪಿಟ್ಟಿನ ತಾಟು ಹಿಡಿದು, ತಲೆ ತಗ್ಗಿಸಿ, ನಾಚಿಕೆಯನ್ನು ಸಾಧ್ಯವಾದಷ್ಟು ತಂದುಕೊಂಡು ಒಳಗೆ ಕಾಲಿಟ್ಟೆ. ಯಾರು ನೋಡಬೇಕು? ಗಂಡಿನ ತಾಯಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದರು. ಮಾವ ಕೂತಲ್ಲಿಂದಲೇ ವಾಲಿ ವಾಲಿ ಆ ಕಿವಿಯನ್ನೇ ನೋಡುತ್ತಿದ್ದರು! ಅಕ್ಕ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟು ಹೆದರಿಸಿದಳು. ಕಡೆಗೆ ಆ ಹೆಣ್ಣುಮಗಳೇ ತಡೆಯಲಾರದೆ, "ಏನಾಗೇತ್ರಿ ನನ್ನ ಕಿವಿಗಿ?" ಎಂದು ಕೇಳಿಬಿಟ್ಟರು.

"ಏನಿಲ್ರಿ ಅವ್ವಾರ. ಆ ಬೆಂಡೋಲಿ ಹಿಂದಿನ ತಿರುಪು ಯಾರ ಮಾಡ್ಯಾರ್ರಿ? ಎಳಿ ಎಷ್ಟ ಸಣ್ಣ ಅದಾವ! ಅಷ್ಟ ಸಣ್ಣ ತಿರುಪು ಮಾಡಿದಾಂವ ಅಷ್ಟ ಸಣ್ಣ ಪಾನಾನೂ ಮಾಡ್ತಾನಲ್ಲ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಆ ತಾಯಿ ಕಿವಿಯಿಂದ ಬೆಂಡೋಲೆ ಬಿಚ್ಚಿ ಮಾವನ ಅಂಗೈಗೆ ಹಾಕಿದರು! "ನಮ್ಮೂರ ಪತ್ತಾರ ಮಾಡ್ಯಾನ್ರಿ. ಹದಿನೈದು ವರ್ಷ ಆತು, ಒಮ್ಮೇನೂ ಸಡಲಿಲ್ಲ." ಇಬ್ಬರೂ ಆ ತಿರುಪಿನ ಮೇಲೆ ಅರ್ಧ ತಾಸು ಮಾತಾಡಿದರು. ಉಪ್ಪಿಟ್ಟು ಆರಿತು. ನನಗೆ ಹಾಡು ಬರುತ್ತದೆಯೇ, ಅಡಿಗೆ ಬರುತ್ತದೆಯೇ, ಯಾರೂ ಕೇಳಲಿಲ್ಲ. ಸಂಬಂಧ ಮಾತ್ರ ಕುದುರಿತು. ಮುಂದೆ ನಮ್ಮತ್ತೆ ಹೇಳುತ್ತಿದ್ದರು: "ನೀ ಹೆಂಗದಿ ಅಂತ ನಾ ನೋಡೇ ಇಲ್ಲ ಬಿಡವಾ. ಬೆಂಡೋಲಿ ಎಷ್ಟ ತೊಲಿ ಅಂತ ಕೇಳಲಾರದ ತಿರುಪು ಕೇಳಿದ್ರಲ್ಲ, ಅಂಥಾ ಮನಿ ಚಲೋ ಇರಬೇಕು ಅಂತ ಹ್ಞೂಂ ಅಂದೆ."

ನನ್ನ ಮದುವೆಯ ಅಕ್ಷತೆ ಬಿದ್ದ ಮೂರನೆಯ ದಿನ ಮಾವ ಲಿಂಗಸುಗೂರಿಗೆ ಹಾಜರು. ಮದುಮಗಳನ್ನು ಮಾತಾಡಿಸಲೇ? ಪತ್ತಾರನನ್ನು ಮಾತಾಡಿಸಲು! ಅಕ್ಕಸಾಲಿಗ ನಟ್ಟನ್ನು ಗುಲಗಂಜಿಯಂತೆ ತಕ್ಕಡಿಗೆ ಹಾಕಿ ನೋಡಿ, "ಕಬ್ಬಿಣ ನಮ್ಮ ಕಸಬಲ್ರೀ. ಬೆಳ್ಳೀದು ಮಾಡಿ ಕೊಡ್ತೀನಿ," ಎಂದ. ಕೊಟ್ಟ. ಕಿರುಬೆರಳುದ್ದದ ಬೆಳ್ಳಿ ಪಾನಾ, ಹಿಡಿಯ ಮೇಲೆ ಬಳ್ಳಿ ಹೂವಿನ ಕುಸುರಿ ಬೇರೆ. ಮೊದಲನೆಯ ನಟ್ಟಿಗೆ ಹಾಕಿ ತಿರುಗಿಸಿದ ಕೂಡಲೇ ಅದರ ಬಾಯಿ ಅಗಲವಾಗಿ ಹೋಯಿತು. ಬೆಳ್ಳಿ ಮೆತ್ತಗಲ್ಲವೇ? ಮುಂದೆ ಆ ಪಾನಾ ಕಿವಿಯ ಗುಗ್ಗೆ ತೆಗೆಯುವ ಕೆಲಸಕ್ಕೆ ಬಿತ್ತು. ಬೆಳ್ಳಿ ಪಾನಾದಿಂದ ಕಿವಿ ಕೆರೆದುಕೊಂಡ ಹೆಣ್ಣುಮಗಳು ಇಡೀ ರಾಯಚೂರು ಜಿಲ್ಲೆಯಲ್ಲಿ ನಮ್ಮ ಅಕ್ಕ ಒಬ್ಬಳೇ ಇರಬೇಕು.

ಆ ಬೇಸಿಗೆ ರಜೆಯಲ್ಲಿ ನಾನು ಸಿಂಧನೂರಿಗೆ ಹೋದೆ. ಒಂದು ಮಧ್ಯಾಹ್ನ ಮಾವ ಚಹಾದ ಅಂಗಡಿಗೆ ಹೋಗಿದ್ದರು. ಅಕ್ಕ ಎಂಜಿನಿನ ಮುಂದೆ ಕೂತು ಏನೋ ಮಾಡುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಕಾಲಿನ ಮುಳ್ಳು ಕೀಳುವ ಚಿಮಟಾದಿಂದ ಒಂದೊಂದೇ ನಟ್ಟು ಹಿಡಿದು, ಅದು ಜಾರಿದರೆ ಉಗುರಿನಿಂದ, ಬೆರಳ ತುದಿಯಿಂದ ತಿರುಗಿಸುತ್ತಿದ್ದಳು. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಹರಿದಿದ್ದವು, ಅರಿಸಿನ ಮೆತ್ತಿಕೊಂಡಿದ್ದಳು.

"ಇದೇನಬೇ ಅಕ್ಕ?"

ಅವಳು ಕಳ್ಳತನದಲ್ಲಿ ಸಿಕ್ಕವಳಂತೆ ಬೆಚ್ಚಿಬಿದ್ದಳು. "ಯಾರ ಮುಂದನೂ ಅನಬ್ಯಾಡ. ಮುಂಜಾನೆ ಅವರು ಬಿಗಿ ಮಾಡ್ತಾರ. ನಿಜ ಅಂದ್ರ ಒಂದೂ ಬಿಗಿ ಆಗಿರಂಗಿಲ್ಲ. ಅವರು ಹೊರಗ ಹೋದಾಗ ನಾ ಮಾಡಿ ಇಡ್ತೀನಿ. ತಮ್ಮ ಕೈಯಿಂದ್ಲೇ ಆಗೇತಿ ಅಂತ ತಿಳಕೊಂಡಾರ. ತಿಳಕೋಲಿ. ಕೈ ಹೋತು ಅಂತ ಗೊತ್ತಾದ್ರ ಆ ಜೀವ ಕುಸದು ಕುಂದರ್ತೈತಿ."

ಮಾವ ಮರಳಿ ಬಂದು ನಟ್ಟುಗಳನ್ನು ಮುಟ್ಟಿ ನೋಡಿದರು. "ನೋಡ್ರಿ ಅಕ್ಕೋರ, ಮುಂಜಾನೆ ನಾ ಮಾಡಿದ್ದು ಹೆಂಗ ಕುಂತಾವ!" ಎಂದರು. ಬಾಯ್ಲರಿಗೆ ನೀರು ಹಾಕಿ, ಕೆಳಗೆ ಒಲೆ ಹಚ್ಚಿದರು. ಉಗಿ ಬಂತು. ಗಾಲಿ ಒಂದು ಸುತ್ತು ಅಲುಗಿದಂತೆ ಮಾಡಿ ನಿಂತಿತು. ಮುಚ್ಚಳದ ಸಂದಿಯಿಂದ ಬುಸ್ ಎಂದು ಉಗಿ ಸೋರಿತು. ಬೆರಳಿನ ಬಿಗಿ ಎಷ್ಟಕ್ಕೆಂದು ತಡೆದೀತು?

"ಬರೋಬರಿ ಪಾನಾ ಇಲ್ಲ," ಎಂದರು ಮಾವ.

"ಹೌದ್ರಿ, ಬರೋಬರಿ ಪಾನಾನ ಇಲ್ಲ," ಎಂದಳು ಅಕ್ಕ, ಕೈ ಸೆರಗಿನೊಳಗೆ ಮುಚ್ಚಿಕೊಂಡು.

ಆಮೇಲೆ ಮಾವನ ಹುಡುಕಾಟ ಇನ್ನೂ ಜೋರಾಯಿತು. ಶಾಲೆಯ ಸೂಟಿ ದಿನಗಳಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ನಮೂನೆಗೆಂದು ಒಂದು ನಟ್ಟನ್ನು ಸದಾ ಒಯ್ಯುತ್ತಿದ್ದರು. ಜೇಬಿನಲ್ಲಿಟ್ಟರೆ ಕಳೆದುಹೋಗುತ್ತದೆಂದು ಎಲೆ ಅಡಕೆಯ ಸಂಚಿಯಲ್ಲಿಟ್ಟಿದ್ದರು. ಇಡುವುದೇನೋ ಸರಿ, ಅಡಕೆ ಹೋಳಿನ ಜೇಬಿಗೇ ಇಡಬೇಕೇ? ಲಿಂಗಸುಗೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಗುರುಗುಂಟಾದ ಕಡೆಯ ಕುರಿಗಾರರೊಬ್ಬರು ಕೂತಿದ್ದರು. ಹೆಗಲ ಮೇಲೆ ಕಂಬಳಿ, ಗಟ್ಟಿ ಆಳು. "ಒಂದ ಚೂರ ಅಡಕಿ ಕೊಡ್ರಿ," ಎಂದರು. ಬಸ್ಸಿನಲ್ಲಿ ಎಲೆ ಅಡಕೆ ಕೇಳುವುದಕ್ಕೂ ಕೊಡುವುದಕ್ಕೂ ಗುರುತು ಬೇಕೇ? ಹೋಳು ತೆಗೆದು ಕೊಡಲು ಹೋದರೆ ಕೈ ನಡುಗುವುದು ಕಾಣುತ್ತದಲ್ಲ, ಮಾವ ಸಂಚಿಯನ್ನೇ ಅವರ ಮುಂದೆ ಹಿಡಿದರು. ಅವರು ಒಂದು ಚಿಟಿಕೆ ತೆಗೆದು ಬಾಯಿಗೆ ಒಗೆದುಕೊಂಡರು.

ಕಟಕ್!

"ಅಯ್ಯಯ್ಯೋ! ಏನ್ರೀ ಇದು? ಅಡಕಿನೋ ಗುಂಡೋ?"

ಮಾವ ಅವರ ಅಂಗೈಯಿಂದ ನಟ್ಟು ಎತ್ತಿಕೊಂಡು, ಧೋತರದ ಚುಂಗಿಗೆ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದರು. "ಏನೂ ಆಗಿಲ್ ಬಿಡ್ರಿ! ಒಂದ ಮೂಲಿನೂ ಮುರದಿಲ್ಲ!"

"ನಂದು ಮುರದೈತ್ರೀ!"

"ಏನು?"

"ಹಲ್ಲು!"

ಇಡೀ ಬಸ್ಸು ನಕ್ಕಿತು. ಮಾವ ಮಾತ್ರ ಮಸ್ಕಿ ಬರುವ ತನಕ ಕೈಮುಗಿಯುತ್ತಲೇ ಇದ್ದರು. ಕುರಿಗಾರರು ಒಳ್ಳೆಯವರು, ಕೆನ್ನೆ ಹಿಡಿದುಕೊಂಡೇ ಪಾನಾದ ಕಥೆಯನ್ನೆಲ್ಲ ಕೇಳಿದರು. ಕೇಳಿ, "ಆರ್.ಎಚ್. ಕ್ಯಾಂಪಿನಾಗ ಒಬ್ಬ ಮಿಸ್ತ್ರಿ ಅದಾನ್ರಿ. ಪಂಪ್‌ಸೆಟ್ಟು ರಿಪೇರಿ ಮಾಡ್ತಾನ, ಹಾರ್ಮೋನಿಯಂ ರಿಪೇರಿ ಮಾಡ್ತಾನ, ಮೀನಿನ ಗಾಳಾನೂ ತಾನ ಮಾಡ್ಕೋತಾನ. ನಿಮ್ಮಂಥಾವರಿಗೆ ಆತನ ಸರಿ," ಎಂದರು. ಹಲ್ಲು ಮುರಿಸಿಕೊಂಡು ವಿಳಾಸ ಕೊಟ್ಟ ಪುಣ್ಯಾತ್ಮರು ಅವರು!

ಸಿಂಧನೂರಿನ ಹತ್ತಿರ, ಬಂಗಾಳಿ ನಿರಾಶ್ರಿತರಿಗೆಂದು ಸರ್ಕಾರ ಕಟ್ಟಿಸಿದ ಆ ಕ್ಯಾಂಪಿಗೆ ಮಾವ ಒಬ್ಬರೇ ಹೋಗಿ ಮಿಸ್ತ್ರಿಗೆ ಹೇಳಿ ಬಂದರು. ತಿಂಗಳಾದ ಮೇಲೆ ಪಾನಾ ತರುವ ಹೊತ್ತಿಗೆ ಅವರಿಗೆ ಬಸ್ಸಿನ ಕಂಬಿ ಹಿಡಿದು ಹತ್ತುವುದೂ ಕಷ್ಟವಾಗಿತ್ತು. "ನೀವ ಹೋಗಿ ಬರ್ರಿ ಅಕ್ಕೋರ," ಎಂದರು. ಹೋದೆ. ಭತ್ತದ ಗದ್ದೆಗಳ ಅಂಚಿಗೆ ಮಿಸ್ತ್ರಿಯ ಮನೆ, ಅಂಗಳದಲ್ಲೇ ಕೆಲಸ. ಬಂಗಾಳಿ ಮನುಷ್ಯ, ಮಾತು ಮಾತ್ರ ಅಪ್ಪಟ ಸಿಂಧನೂರಿನದು. ಒಂದು ಡಬ್ಬಿಯಿಂದ ಪಾನಾ ತೆಗೆದುಕೊಟ್ಟ. ತುದಿಯಲ್ಲಿ ಗಟ್ಟಿ ಉಕ್ಕು, ಜೋಳದ ಕಾಳು ಕೂರುವಷ್ಟು ಬಾಯಿ. ಹಿಂದೆ ನುಣ್ಣಗೆ ಉಜ್ಜಿದ ಮರದ ಹಿಡಿಕೆ. ಅದರ ಜೊತೆಗೆ ಒಂದು ಹಸಿರು ಗಾಜಿನ ಬಳೆ.

"ಇದ್ಯಾಕ?" ಎಂದೆ.

"ಅಳತಿಗಿ ಅಂತ ಕೊಟ್ಟಿದ್ರು ದೀದಿ. ಈ ಬಳಿ ಏರೋ ಕೈಗಿ ಹಿಡಿಕಿ ಕೂಡಬೇಕು, ಬೆರಳಿಗಿ ಒತ್ತಬಾರದು ಅಂದ್ರು. ಮನ್ಯಾಗ ಅವ್ವಾರ ಬೆರಳೆಲ್ಲ ಹರದಾವಂತಲ್ಲ?"

ನಾನು ಬಳೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದೆ, ಅಕ್ಕನದೇ. ಬಳೆಗಾರನಿಗೆ ಅಳತೆಗೆಂದು ಹಳೇ ಬಳೆ ಕೊಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಪಾನಾಕ್ಕೆ ಅಳತೆಯೆಂದು ಹೆಂಡತಿಯ ಬಳೆ ಕೊಟ್ಟವರನ್ನು ಎಲ್ಲಾದರೂ ಕಂಡಿದ್ದೀರಾ?

ಮನೆಗೆ ಬಂದಾಗ ಅಕ್ಕ ಹಿತ್ತಲಲ್ಲಿದ್ದಳು. ಮಾವನ ಕೈಗೆ ಎರಡನ್ನೂ ಕೊಟ್ಟೆ. ಅವರು ಬಳೆಯನ್ನು ಗಬಕ್ಕನೆ ಅಂಗಿಯ ಜೇಬಿಗೆ ಸೇರಿಸಿದರು.

"ಮಿಸ್ತ್ರಿ ಏನರೆ ಅಂದನೇನ್ರಿ?"

"ಎಲ್ಲಾ ಅಂದ, ಮಾವ. ಎಷ್ಟ ದಿನದಿಂದ ಗೊತ್ತು ನಿಮಗ?"

"ಮೊದಲನೇ ದಿನದಿಂದ. ಈಳಿಗಿ ತಾಗೇತಿ ಅಂದ್ಲು. ಮೂವತ್ತು ವರ್ಷ ಈಳಿಗಿ ಮ್ಯಾಲ ಕುಂತಾಕಿ ಒಮ್ಮೆಲೆ ಎರಡೂ ಕೈ ಕೊಯ್ಕೋತಾಳೇನ್ರಿ?" ಜೇಬಿನ ಮೇಲೆ ಕೈಯಿಟ್ಟು ಹೇಳಿದರು: "ಆಕಿಗಿ ಹೇಳಬ್ಯಾಡ್ರಿ. ನನಗ ಗೊತ್ತಿಲ್ಲ ಅಂತ ಆಕಿಗಿ ಒಂದು ಸಮಾಧಾನ ಐತಿ. ಇರಲಿ."

ಗಂಡನ ಗುಟ್ಟು ಹೆಂಡತಿಗೆ ಹೇಳಬಾರದು, ಹೆಂಡತಿಯ ಗುಟ್ಟು ಗಂಡನಿಗೆ ಹೇಳಬಾರದು, ಗುಟ್ಟು ಮಾತ್ರ ಇಬ್ಬರದೂ ಒಂದೇ! ನಗಬೇಕೋ ಅಳಬೇಕೋ ನೀವೇ ಹೇಳಿ.

ಅಂದು ಸಂಜೆ ಎಂಜಿನು ತಿರುಗಿತು. ಚೆನ್ನಾಗಿಯೇ ತಿರುಗಿತು. ಓಣಿಯವರೆಲ್ಲ ಬಂದು ನೋಡಿದರು, ಅಕ್ಕ ಸಕ್ಕರೆ ಹಂಚಿದಳು. ನನಗೆ ಅದು ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಅದಕ್ಕೂ ಮುಂಚಿನ ಒಂದು ಗಳಿಗೆ.

ಪಾನಾವನ್ನು ಕಿಟಕಿಯಲ್ಲಿಟ್ಟು ಮಾವ, ಹಿತ್ತಲಿಗೆ ಕೇಳುವಂತೆ ದೊಡ್ಡ ದನಿಯಲ್ಲಿ, "ನಾ ಚಾ ಕುಡದು ಬರ್ತೀನಿ. ಪಾನಾ ಇಲ್ಲಿ ಐತಿ. ಬಂದು ನಾನ ಬಿಗಿ ಮಾಡ್ತೀನಿ, ಯಾರೂ ಮುಟ್ಟಬ್ಯಾಡ್ರಿ!" ಎಂದು ಸಾರಿ ಹೊರಟರು. ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಪಾನಾ ಎತ್ತಿಕೊಂಡಳು.

"ಎಷ್ಟ ಸಣ್ಣ ಹಿಡಿಕಿ ಇಟ್ಟಾನಬೇ! ಅವರ ಕೈಗಿ ಇದು ಹೆಂಗ..."

ಅವಳ ಬೆರಳುಗಳು ತಾವಾಗಿಯೇ ಆ ಹಿಡಿಕೆಯ ಸುತ್ತ ಕೂತಿದ್ದವು. ಬಿಚ್ಚಿದಳು, ಮತ್ತೆ ಮುಚ್ಚಿದಳು. ನನ್ನ ಮುಖ ನೋಡಿದಳು. ಮಕ್ಕಳ ಸುಳ್ಳು ಹಿಡಿಯುವುದೇ ಉದ್ಯೋಗವಾದ ನನಗೆ ಒಂದು ಸುಳ್ಳು ಹೇಳಲು ಬರಲಿಲ್ಲ.

"ನನ್ನ ಅಳತಿ ಐತಲ್ಲಬೇ ಇದು," ಎಂದಳು.

ಅವಳು ಎಂಜಿನಿನ ಮುಂದೆ ಕೂತಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ನಟ್ಟು ಬಿಗಿ ಮಾಡಿದಳು, ಇನ್ನೊಂದು ಮಾಡಿದಳು. ಆಮೇಲೆ ತಲೆಬಾಗಿಲ ಕಡೆ ತಿರುಗಿ ಕರೆದಳು. ಮಾವ ಚಹಾಕ್ಕೆ ಹೋಗಿರಲೇ ಇಲ್ಲ. ಹೊರಗೆ ಕಟ್ಟೆಯ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು.

"ಏನ್ರೀ, ಒಳಗ ಬರ್ರಿ. ತಳಗಿನ ನಟ್ಟು ಕಾಣವಲ್ದು. ಬ್ಯಾಟರಿ ಹಿಡೀರಿ."

ಅವರು ಬಂದರು. ಗೂಡಿನಲ್ಲಿದ್ದ ಬ್ಯಾಟರಿ ತೆಗೆದು, ಹೊತ್ತಿಸಿ, ಎರಡೂ ಕೈಯಿಂದ ಹಿಡಿದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬೆಳಕು ಸಿಲಿಂಡರಿನ ಮೇಲೆ ಬಿತ್ತು, ಗೋಡೆಗೆ ಹೋಯಿತು, ಅಕ್ಕನ ಮೊಣಕೈಗೆ ಬಂತು, ಮತ್ತೆ ಗೋಡೆಗೆ ಹೋಯಿತು.

"ಅಲ್ಲಾಡ್ತೈತ್ರಿ," ಎಂದಳು ಅಕ್ಕ.

"ಹ್ಞೂಂ. ಕೈ ನಡಗ್ತೈತಿ," ಎಂದರು ಮಾವ. "ಭಾಳ ದಿನ ಆತು."

ಆ ಮನೆಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅಕ್ಕ ತಿರುಗಿ ನೋಡಲಿಲ್ಲ. ಬಲಗೈಯಲ್ಲಿದ್ದ ಪಾನಾವನ್ನು ನಟ್ಟಿನ ಮೇಲೆ ಕೂಡಿಸಿದಳು. ಎಡಗೈ ಚಾಚಿ ಅವರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆಳಕು ನಟ್ಟಿನ ಮೇಲೆ ನಿಂತಿತು.